ಹಿಂದಿನ ಸೀಟಿನ ತಲೆ



ಬಿ.ಎಡ್. ತರಬೇತಿಯ ದಿನಗಳ ನೆನಪನ್ನು ಮುಂದುವರಿಸುತ್ತೇನೆಂದು ಕಳೆದ ಬರಹದ ಕೊನೆಯಲ್ಲಿ ಮಾತು ಕೊಟ್ಟಿದ್ದೆ. ಅದನ್ನು ಮುಂದಕ್ಕೆ ಹಾಕಿ ಈ ಸಲ ಒಂದು ಜಗಳವನ್ನು ಬರೆಯುತ್ತಿದ್ದೇನೆ. ಓದುವವರಲ್ಲಿ ಕೆಲವರಿಗೆ ಕೋಪ ಬಂದೀತು. ಬರಲಿ. ತರಗತಿಯಲ್ಲಿ ನನ್ನ ಕೋಪವನ್ನು ನೀವೆಲ್ಲ ಸಹಿಸಿದ್ದೀರಿ, ಈಗ ನಿಮ್ಮ ಕೋಪವನ್ನು ಸಹಿಸುವ ಸರದಿ ನನ್ನದು.

ಕೆಲವು ದಿನಗಳ ಹಿಂದೆ 2003ನೇ ಸಾಲಿನ ಎಸ್ಸೆಸ್ಸೆಲ್ಸಿಯ ಒಬ್ಬ ಶಿಷ್ಯ ಗೃಹಪ್ರವೇಶದ ಆಮಂತ್ರಣ ಪತ್ರಿಕೆ ಹಿಡಿದು ಹೆಂಡತಿ ಮಕ್ಕಳೊಡನೆ ನಮ್ಮ ಮನೆಗೆ ಬಂದಿದ್ದ. ಹೆಸರು ಬರೆಯುವುದಿಲ್ಲ. ಅವನ ಸಹಪಾಠಿಗಳು ಊಹಿಸಿಕೊಂಡರೆ ಅದು ನನ್ನ ತಪ್ಪಲ್ಲ. ಹಿಂದಿನ ದಿನ ಸಸ್ತಾಪುರ ಬಂಗ್ಲಾದ ಬಳಿ ಹೆಲ್ಮೆಟ್ ಇಲ್ಲದೆ ಸಿಕ್ಕಿಬಿದ್ದು 500 ರೂಪಾಯಿ ದಂಡ ಕಟ್ಟಿದ್ದನಂತೆ. ಆ ಬೇಗೆ ಇನ್ನೂ ಆರಿರಲಿಲ್ಲ.

"ಸರ್, ನನ್ನ ತಲಿ ನಂದದರಿ. ಒಡದ್ರ ನಂದೇ ಒಡೀತದ. ಸರ್ಕಾರಕ್ಕ ಅದರಿಂದ ಏನ್ ತ್ರಾಸ್ ಅದ ಹೇಳ್ರಿ? ನಾ ಯಾರಿಗೂ ಹಾಯಿಸಿಲ್ಲ, ಕುಡದು ಗಾಡಿ ಹೊಡದಿಲ್ಲ. ನೀವೇ ಕಲಿಸೀರಲ್ರಿ, ಇಪ್ಪತ್ತೊಂದನೇ ವಿಧಿ. ನನ್ನ ಜೀವದ ಮ್ಯಾಲ ನನಗ ಹಕ್ಕ್ ಇಲ್ಲೇನ್ರಿ? ಇದು ಬಸವಣ್ಣನವರ ಕಲ್ಯಾಣ ಅದ. ಇಲ್ಲಿ ಜಬರದಸ್ತಿ ನಡೀಬಾರ್ದರಿ."

ಸಂವಿಧಾನದ ಪಾಠ ಇಪ್ಪತ್ತು ವರ್ಷಗಳ ಮೇಲೂ ನೆನಪಿದೆಯೆಂದು ಒಳಗೊಳಗೇ ಹಿಗ್ಗಿದೆ. ಶಿಕ್ಷಕನ ದೌರ್ಬಲ್ಯ ಅದು. ಉತ್ತರ ಹೇಳದೆ ಚಹಾ ಕುಡಿಸಿ ಬೀಳ್ಕೊಟ್ಟೆ. ಅಂಗಳಕ್ಕೆ ಬಂದು ನೋಡಿದರೆ ದಂಡ ಕಟ್ಟಿದ ಮೇಲೆ ಕೊಂಡ ಹೊಸ ಹೆಲ್ಮೆಟ್ಟು ಬೈಕಿನ ಕನ್ನಡಿಗೆ ತೂಗುತ್ತಿತ್ತು. ಐದು ವರ್ಷದ ಮಗ ಮುಂದೆ ಪೆಟ್ರೋಲ್ ಟ್ಯಾಂಕಿನ ಮೇಲೆ ಕುಳಿತ. ಒಂಬತ್ತು ವರ್ಷದ ಮಗಳು ನಡುವೆ. ಆ ತಾಯಿ ಸೀರೆಯ ನೆರಿಗೆ ಸರಿಪಡಿಸಿಕೊಂಡು, ಎರಡೂ ಕಾಲು ಒಂದೇ ಬದಿಗೆ ಇಳಿಬಿಟ್ಟು, ಸೀಟಿನ ಕಟ್ಟಕಡೆಯ ಒಂದು ಗೇಣು ಜಾಗದಲ್ಲಿ ಕುಳಿತಳು. "ಬರ್ತೀವ್ರಿ ಸರ್" ಎಂದು ಕೈಮುಗಿದಳು. ನಾಲ್ಕು ತಲೆಗಳು, ಒಂದು ಹೆಲ್ಮೆಟ್ಟು, ಅದೂ ಕನ್ನಡಿಗೆ. ನನ್ನ ಮನೆಯವರು ಬಾಗಿಲಲ್ಲಿ ನಿಂತು, ಗಾಡಿ ತಿರುವಿನಲ್ಲಿ ಮರೆಯಾಗುವವರೆಗೂ ನೋಡಿ, ಏನೂ ಹೇಳದೆ ಒಳಗೆ ಹೋದರು. ಅವರು ಏನೂ ಹೇಳದ್ದಕ್ಕೆ ಕಾರಣವಿದೆ. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಸಂವಿಧಾನದ ವಿಷಯ. ಈ ಪ್ರಶ್ನೆಯನ್ನು ಎತ್ತಿದವರಲ್ಲಿ ನೀನು ಮೊದಲಿಗನಲ್ಲ, ತಮ್ಮಾ. ನೆರೆಯ ಆಂಧ್ರಪ್ರದೇಶದ ಹೆಲ್ಮೆಟ್ ನಿಯಮವನ್ನು ಪ್ರಶ್ನಿಸಿ ಅಜಯ್ ಕಾನು ಎಂಬುವವರು ಸುಪ್ರೀಂ ಕೋರ್ಟಿನವರೆಗೆ ಹೋಗಿದ್ದರು. ದೇಶದೊಳಗೆ ಮುಕ್ತವಾಗಿ ಸಂಚರಿಸುವ 19ನೇ ವಿಧಿಯ ಹಕ್ಕಿಗೆ ಇದರಿಂದ ಧಕ್ಕೆಯಾಗುತ್ತದೆ ಎಂಬುದು ವಾದ. 1988ರಲ್ಲಿ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಹೆಲ್ಮೆಟ್ ಧರಿಸೆಂದರೆ ಸಂಚಾರವನ್ನು ತಡೆದಂತಲ್ಲ, ಸವಾರನ ಕ್ಷೇಮಕ್ಕಾಗಿ ಮಾಡಿದ ನಿಯಮವಿದು ಎಂದು ಎತ್ತಿಹಿಡಿಯಿತು. ಅದೇ ವರ್ಷ ಬಂದ ಮೋಟಾರು ವಾಹನ ಕಾಯ್ದೆಯ 129ನೇ ಕಲಂ ಹೆಲ್ಮೆಟ್ಟನ್ನು ದೇಶಕ್ಕೆಲ್ಲ ಅನ್ವಯಿಸಿತು. 2019ರ ತಿದ್ದುಪಡಿ ಸಾವಿರ ರೂಪಾಯಿ ದಂಡ ಮತ್ತು ಮೂರು ತಿಂಗಳ ಪರವಾನಗಿ ಅನರ್ಹತೆಯನ್ನು ವಿಧಿಸಿತು. ಆ ಸೆಪ್ಟೆಂಬರಿನಲ್ಲಿಯೇ ನಮ್ಮ ರಾಜ್ಯ ಸರ್ಕಾರ ದಂಡವನ್ನು ಅರ್ಧಕ್ಕಿಳಿಸಿತು. ಅಂದರೆ ನೀನು ಕಟ್ಟಿದ್ದು ರಿಯಾಯಿತಿ ದರ.

ಆದರೆ ಕೋರ್ಟು ಹೇಳಿದೆ ಎಂದ ಮಾತ್ರಕ್ಕೆ ವಾದ ಮುಗಿಯಿತೆಂದು ನಾನು ಎಂದೂ ಕಲಿಸಿಲ್ಲ. ಕಾನೂನಾಗಿರುವುದೆಲ್ಲ ನ್ಯಾಯವಲ್ಲ ಎಂದು ಬೋರ್ಡಿನ ಮೇಲೆ ಬರೆದವನೂ ನಾನೇ. ಆದ್ದರಿಂದ ನಿನ್ನ ಪರವಾಗಿ ಇರುವ ದೊಡ್ಡ ಸಾಕ್ಷಿಯನ್ನೇ ಕರೆಯುತ್ತೇನೆ. ಜಾನ್ ಸ್ಟುವರ್ಟ್ ಮಿಲ್ ಎಂಬ ಆಂಗ್ಲ ತತ್ತ್ವಜ್ಞಾನಿ 1859ರಲ್ಲಿ 'ಆನ್ ಲಿಬರ್ಟಿ' ಎಂಬ ಗ್ರಂಥ ಬರೆದ. ಸ್ವಾತಂತ್ರ್ಯವನ್ನು ಕುರಿತು ಮಾತನಾಡುವವರೆಲ್ಲ ತಿಳಿದೋ ತಿಳಿಯದೆಯೋ ಅವನ ಸಾಲಗಾರರು. ಅವನು ಒಂದು ಸೇತುವೆಯ ಉದಾಹರಣೆ ಕೊಡುತ್ತಾನೆ. ಸೇತುವೆ ಶಿಥಿಲವಾಗಿದೆ, ಒಬ್ಬಾತ ಅದು ತಿಳಿಯದೆ ಹತ್ತಲಿದ್ದಾನೆ, ಕೂಗಿ ಹೇಳುವಷ್ಟು ಸಮಯವಿಲ್ಲ. ಆಗ ಅವನ ಕೈಹಿಡಿದು ಎಳೆಯುವುದು ತಪ್ಪಲ್ಲ, ಏಕೆಂದರೆ ನದಿಗೆ ಬೀಳುವುದು ಅವನ ಇಚ್ಛೆಯಲ್ಲ. ಆದರೆ ಅಪಾಯ ಖಚಿತವಲ್ಲದೆ ಕೇವಲ ಸಂಭವವಾಗಿದ್ದರೆ, ಆತ ವಯಸ್ಕನೂ ಸ್ವಸ್ಥಚಿತ್ತನೂ ಆಗಿದ್ದರೆ, ಎಚ್ಚರಿಕೆ ಹೇಳಿ ಬಿಟ್ಟುಬಿಡಬೇಕು, ಬಲವಂತ ಸಲ್ಲದು. ಇದು ಮಿಲ್ಲನ ತೀರ್ಮಾನ. ನೋಡು, ನಿನ್ನ ಮಾತನ್ನೇ ಅವನು ನಿನಗಿಂತ ಚೆನ್ನಾಗಿ ಹೇಳಿದ್ದಾನೆ.

ಮಿಲ್ಲನನ್ನು ನಾನು ಗೌರವಿಸುತ್ತೇನೆ. ಆದರೆ ಅವನ ಸೇತುವೆಯ ಮೇಲೆ ಹೋಗುವವನು ಒಬ್ಬಂಟಿ. ಅವನ ಬೆನ್ನ ಹಿಂದೆ ಹೆಂಡತಿ ಕುಳಿತಿಲ್ಲ, ಅವನ ಎದೆಗೆ ಆತು ಮಗು ನಿಂತಿಲ್ಲ. ನಮ್ಮ ರಸ್ತೆಗಳಲ್ಲಿ ಒಬ್ಬಂಟಿಯಾಗಿ ಹೋಗುವ ಬೈಕುಗಳೆಷ್ಟು? ಸಂತೆಯ ದಿನ, ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಯ ದಿನ, ಮಾಣಿಕನಗರದ ದರ್ಬಾರಿನ ದಿನ ಹೆದ್ದಾರಿಯ ಬದಿಯಲ್ಲಿ ಒಂದು ಗಳಿಗೆ ನಿಂತು ಎಣಿಸು. ಇಬ್ಬರು, ಮೂವರು, ನಾಲ್ವರು. ಹಿಂದೆ ಒಬ್ಬರಿಗಿಂತ ಹೆಚ್ಚು ಕೂರಿಸಬಾರದೆಂದು ಅದೇ ಕಾಯ್ದೆಯ 128ನೇ ಕಲಂ ಹೇಳುತ್ತದೆ, ಅದು ಬೇರೆ ಮಾತು. "ನನ್ನ ತಲೆ, ನನ್ನ ಇಷ್ಟ" ಎಂದು ಹೇಳುವವನು ಯಾರು? ಹ್ಯಾಂಡಲ್ ಹಿಡಿದವನು. ಹಿಂದೆ ಕುಳಿತವಳು ಹಾಗೆ ಹೇಳಿದ್ದನ್ನು ನಾನು ಇಂದಿಗೂ ಕೇಳಿಲ್ಲ. ಅವಳಿಗೆ ಹೇಳಲು ಇಷ್ಟವಿಲ್ಲವೆಂದಲ್ಲ. ಅವಳನ್ನು ಯಾರೂ ಕೇಳಿಲ್ಲ.

ಲೆಕ್ಕವನ್ನೇ ನೋಡೋಣ. ಕೇಂದ್ರ ರಸ್ತೆ ಸಾರಿಗೆ ಇಲಾಖೆಯ ವರದಿಯಂತೆ 2022ನೇ ಒಂದೇ ವರ್ಷದಲ್ಲಿ ಹೆಲ್ಮೆಟ್ ಧರಿಸದೆ ಪ್ರಾಣ ಕಳೆದುಕೊಂಡವರು 50,029 ಜನ. ಅದರಲ್ಲಿ ಗಾಡಿ ಓಡಿಸುತ್ತಿದ್ದವರು 35,692. ಉಳಿದ 14,337 ಜನ ಹಿಂದೆ ಕುಳಿತವರು. ಆ ಮೊದಲನೆಯ ಸಂಖ್ಯೆಯಲ್ಲಿ ನಿನ್ನ ಹಾಗೆ ವಾದ ಮಾಡಿ, ಯೋಚಿಸಿ, ತನ್ನ ತಲೆಯ ಬಗ್ಗೆ ತಾನೇ ನಿರ್ಧರಿಸಿದವರು ಕೆಲವರಾದರೂ ಇದ್ದಿರಬಹುದು. ಎರಡನೆಯ ಸಂಖ್ಯೆಯಲ್ಲಿರುವವರ ಪರವಾಗಿ ನಿರ್ಧಾರ ಮಾಡಿದವರು ಬಹುಮಟ್ಟಿಗೆ ಬೇರೆಯವರು. ಇದನ್ನು ಯಾವ ವಿಧಿಯ ಕೆಳಗೆ ತಂದು ಹಕ್ಕೆಂದು ಕರೆಯೋಣ?

ಕಲ್ಯಾಣದ ಮಾತನ್ನೂ ನೀನೇ ತೆಗೆದಿದ್ದರಿಂದ ಅದಕ್ಕೂ ಉತ್ತರಿಸುತ್ತೇನೆ. ಇದು ಪ್ರಶ್ನಿಸುವವರ ನೆಲ, ನಿಜ. ಆದರೆ ಇಲ್ಲಿ ಪ್ರಶ್ನಿಸಿದವರು ಗಂಡಸರು ಮಾತ್ರವಲ್ಲ. ಆಯ್ದಕ್ಕಿ ಮಾರಯ್ಯನ ಕಥೆಯನ್ನು ಎಂಟನೆಯ ತರಗತಿಯಲ್ಲಿ ನಿಮಗೆ ಹೇಳಿದ್ದೆ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕ ಅವನದು. ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ತಡೆದಳು. ಇಷ್ಟೇಕೆ, ಹಿಂದಕ್ಕೆ ಸುರಿದು ಬಾ ಎಂದಳು. ಅವನು ಹೋಗಿ ಸುರಿದು ಬಂದ. ಕಲ್ಯಾಣದ ಹೆಸರು ಹೇಳುವವನು ಲಕ್ಕಮ್ಮನ ಮಾತನ್ನೂ ಕೇಳಬೇಕಾಗುತ್ತದೆ. ನಿನ್ನ ಮನೆಯ ಲಕ್ಕಮ್ಮನನ್ನು, ಗಾಡಿ ಹತ್ತುವ ಮುನ್ನ, ನಿನಗೇನು ಬೇಕೆಂದು ಒಮ್ಮೆಯಾದರೂ ಕೇಳಿದ್ದೀಯಾ?

ಇಷ್ಟು ಕಟುವಾಗಿ ಬರೆಯುವ ಅಧಿಕಾರ ನನಗೆಲ್ಲಿಂದ ಬಂತೆಂದು ಕೇಳುವಿರಿ. ಬಂದ ದಾರಿಯನ್ನು ಹೇಳುತ್ತೇನೆ. ಹೇಳಲು ನಾಚಿಕೆಯಾಗುತ್ತದೆ.

2016ರ ಜನವರಿಯಲ್ಲಿ ಕರ್ನಾಟಕದಲ್ಲಿ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವಾಯಿತು. ನಾನಾಗ ಸೇವೆಯಲ್ಲಿದ್ದೆ. ಮಧ್ಯಾಹ್ನದ ಬಿಡುವಿನಲ್ಲಿ ಸ್ಟಾಫ್ ರೂಮಿನಲ್ಲಿ ಆ ಆದೇಶದ ವಿರುದ್ಧ ನನ್ನಷ್ಟು ಗಟ್ಟಿಯಾಗಿ ಮಾತನಾಡಿದವರು ಬೇರೆ ಯಾರೂ ಇರಲಿಲ್ಲ. ತುರುಬು, ಹೂವು, ಸೆರಗು ಇವುಗಳ ಮೇಲೆ ಹೆಲ್ಮೆಟ್ ಹೇಗೆ ಕೂರುತ್ತದೆ, ಬೆಂಗಳೂರಿನಲ್ಲಿ ಕುಳಿತವರಿಗೆ ಬೀದರ್ ಜಿಲ್ಲೆಯ ಹೆಣ್ಣುಮಕ್ಕಳ ಉಡುಗೆ ತೊಡುಗೆ ಗೊತ್ತೇ, ಮಾರುವವರ ಲಾಭಕ್ಕೆ ಸರ್ಕಾರ ಕುಣಿಯುತ್ತಿದೆ... ಹೀಗೆ. ಎಲ್ಲರೂ ನಕ್ಕರು. ಹೆಣ್ಣುಮಕ್ಕಳ ಪರವಾಗಿ ಮಾತನಾಡಿದೆನೆಂಬ ಹೆಮ್ಮೆಯೂ ನನಗಿತ್ತು. ನಮ್ಮ ಶಾಲೆಯ ಇಬ್ಬರು ಶಿಕ್ಷಕಿಯರು ಅಂದು ಅಲ್ಲಿಯೇ ಊಟದ ಡಬ್ಬಿ ತೆರೆದು ಕುಳಿತಿದ್ದರು. ನೀವೇನು ಹೇಳುತ್ತೀರಿ ಮೇಡಂ ಎಂದು ಅವರನ್ನು ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ.

ಮರುವರ್ಷ, 2017ರಲ್ಲಿ, ನಮ್ಮ ಕಲಬುರಗಿ ಸೀಮೆಯಲ್ಲಿ 'ಹೆಲ್ಮೆಟ್ ಇಲ್ಲದಿದ್ದರೆ ಪೆಟ್ರೋಲ್ ಇಲ್ಲ' ಎಂಬ ಪೊಲೀಸ್ ಅಭಿಯಾನ ನಡೆಯಿತು. ಆಗ ನಾನು ಒಂದು ಹೆಲ್ಮೆಟ್ ಕೊಂಡೆ. ಒಂದು. ನನ್ನ ಅಳತೆಯದು. ಅದಕ್ಕೂ ಮುನ್ನ ಒಮ್ಮೆ ಬಂಕಿನಲ್ಲಿ ಹಿಂದೆ ನಿಂತಿದ್ದ ಹುಡುಗನ ಹೆಲ್ಮೆಟ್ಟನ್ನೇ ಎರವಲು ಪಡೆದು, ತಲೆಗಿಟ್ಟು, ಪೆಟ್ರೋಲ್ ಹಾಕಿಸಿ, ಮರಳಿ ಕೊಟ್ಟದ್ದೂ ಉಂಟು. ಆ ದಿನ ಆ ಒಂದೇ ಹೆಲ್ಮೆಟ್ಟು ಕಡಿಮೆಯೆಂದರೂ ಆರು ತಲೆ ಏರಿರಬೇಕು. ನಾಗರಿಕಶಾಸ್ತ್ರದ ಮೇಷ್ಟರ ಸಾಹಸವಿದು.

2018ರ ಜನವರಿ ಕೊನೆಯಲ್ಲಿ ಹುಮನಾಬಾದಿನ ಜಾತ್ರೆಗೆ ಹೋಗಿ ಸಂಜೆ ಮರಳುತ್ತಿದ್ದೆವು. ರಾಜೇಶ್ವರ ದಾಟಿ, ಬಂಗ್ಲಾದಲ್ಲಿ ಹೆದ್ದಾರಿ ಬಿಟ್ಟು ಊರ ಕಡೆಗೆ ತಿರುಗಿದ್ದೆ. ಹೆದ್ದಾರಿಯಲ್ಲಿ ಲಾರಿಗಳ ನಡುವೆ ಜೀವ ಹಿಡಿದುಕೊಂಡು ಬಂದವನು, ಇನ್ನೇನು ಮನೆ ಬಂತೆಂದು ನಿರಾಳವಾದೆ. ವೇಗ ಮೂವತ್ತರ ಆಸುಪಾಸು. ರಸ್ತೆಗೆ ಅಡ್ಡಲಾಗಿ ಹೊಸದಾಗಿ ಹಾಕಿದ್ದ ಒಂದು ಉಬ್ಬು ಇತ್ತು. ಅದಕ್ಕೆ ಬಿಳಿ ಪಟ್ಟೆಯಿಲ್ಲ, ಫಲಕವಿಲ್ಲ. ಮುಸ್ಸಂಜೆಯಲ್ಲಿ ಕಾಣಲಿಲ್ಲ. ಗಾಡಿ ಕುಪ್ಪಳಿಸಿತು. ಮನೆಯವರು ಒಂದು ಬದಿಗೆ ಕಾಲು ಹಾಕಿ ಕುಳಿತಿದ್ದರು, ಎರಡೂ ಕೈಗಳಲ್ಲಿ ಪ್ರಸಾದದ ಚೀಲ. ನನಗೆ ಮೊದಲು ಶಬ್ದ ಕೇಳಿಸಲಿಲ್ಲ. ಹಿಂದಿನ ಭಾರ ಕಡಿಮೆಯಾದದ್ದು ಅರಿವಿಗೆ ಬಂತು. ಗಾಡಿ ಹಗುರಾಯಿತು. ಆ ಹಗುರವನ್ನು ನಾನು ಇಂದಿಗೂ ಮರೆತಿಲ್ಲ.

ತಿರುಗಿ ನೋಡಿದಾಗ ಅವರು ಹಿಂದಕ್ಕೆ ಬಿದ್ದು ಮಲಗಿದ್ದರು. ರಕ್ತ ಹೆಚ್ಚಿರಲಿಲ್ಲ. ಕಣ್ಣು ತೆರೆದಿದ್ದರೂ ನನ್ನ ಗುರುತು ಹತ್ತಲಿಲ್ಲ. ಓಡಿ ಹೋಗಿ ಬಾಗಿದಾಗ ನನ್ನ ಹೆಲ್ಮೆಟ್ಟಿನ ಅಂಚು ಅವರ ಹಣೆಗೆ ತಾಕಿತು.

ಹೌದು. ನಾನು ಧರಿಸಿದ್ದೆ.

ಆ ರಾತ್ರಿಯ ಅಲೆದಾಟವನ್ನು ವಿಸ್ತರಿಸುವುದಿಲ್ಲ. ನಮ್ಮ ಕಡೆಯವರಿಗೆ ಆ ದಾರಿ ಗೊತ್ತೇ ಇದೆ: ಮೊದಲು ಊರಿನ ದವಾಖಾನೆ, ಅಲ್ಲಿಂದ ತಲೆಯ ಪೆಟ್ಟೆಂದರೆ ಕಲಬುರಗಿಯೋ ಬೀದರೋ, ಇಲ್ಲವೇ ಗಡಿ ದಾಟಿ ನೂರು ಕಿಲೋಮೀಟರಿಗೂ ಮಿಕ್ಕಿದ ಸೋಲಾಪುರ, ಅದಕ್ಕೂ ದೂರದ ಹೈದರಾಬಾದು. ನಾವು ಸೋಲಾಪುರಕ್ಕೆ ಹೋದೆವು. ಹನ್ನೊಂದು ದಿನ ಅಲ್ಲಿದ್ದೆವು. ಬದುಕಿ ಬಂದರು. ಎಲ್ಲರೂ ದೇವರು ದೊಡ್ಡವನೆಂದರು, ನಾನೂ ಅಂದೆ.

ತಿಂಗಳೊಪ್ಪತ್ತಿನ ನಂತರ ಒಂದು ಬೆಳಿಗ್ಗೆ ಒಲೆಯ ಮೇಲಿನ ಹಾಲು ಉಕ್ಕಿ ಸೀದು ಮನೆಯೆಲ್ಲ ಕಮಟು ತುಂಬಿತು. ಅವರು ಒಲೆಯಿಂದ ನಾಲ್ಕು ಮಾರು ದೂರದಲ್ಲಿ ಕುಳಿತು ತೊಗರಿಬೇಳೆ ಆರಿಸುತ್ತಿದ್ದರು. ತಲೆಯೆತ್ತಲಿಲ್ಲ. ವಾಸನೆ ಬರ್ತಿಲ್ಲೇನು ಎಂದು ಕೇಳಿದೆ. "ಯಾವ ವಾಸನಿರಿ?" ಎಂದರು. ಮೂಗಿನ ಮೇಲ್ಭಾಗದಲ್ಲಿ ಜರಡಿಯಂತಹ ಒಂದು ತೆಳುವಾದ ಎಲುಬಿದೆಯಂತೆ. ವಾಸನೆಯನ್ನು ಮೆದುಳಿಗೆ ಒಯ್ಯುವ ನೂಲಿಗಿಂತ ಸಣ್ಣ ನರತಂತುಗಳು ಅದರ ರಂಧ್ರಗಳ ಮೂಲಕ ಹಾದುಹೋಗುತ್ತವೆ. ತಲೆಯ ಹಿಂಭಾಗಕ್ಕೆ ಪೆಟ್ಟು ಬಿದ್ದಾಗ ಮೆದುಳು ಒಳಗೇ ಸರಿದಾಡಿ ಆ ತಂತುಗಳು ಹರಿದುಹೋಗಬಹುದು ಎಂದು ವೈದ್ಯರು ವಿವರಿಸಿದರು. ಕೆಲವರಿಗೆ ಮರಳಿ ಬರುತ್ತದೆ. ಇವರಿಗೆ ಬರಲಿಲ್ಲ. ಮೊದಲ ಮಳೆಯ ಮಣ್ಣು, ಒಗ್ಗರಣೆಯ ಇಂಗು, ಮಲ್ಲಿಗೆ, ಮೊಮ್ಮಗುವಿನ ನೆತ್ತಿ — ಇವು ಯಾವುವೂ ಅವರಿಗಿಲ್ಲ. ತುರುಬಿನ ಮೇಲೆ ಹೆಲ್ಮೆಟ್ ಹೇಗೆ ಕೂರುತ್ತದೆ ಎಂದು ನಗಿಸಿದ್ದೆನಲ್ಲ, ಆ ತುರುಬಿನಲ್ಲಿ ಮುಡಿದ ಹೂವಿನ ವಾಸನೆಯೇ ಅವರಿಗೆ ಈಗ ತಿಳಿಯದು. ಗ್ಯಾಸ್ ಸೋರಿದರೂ ತಿಳಿಯದೆಂದು ಅಡುಗೆಮನೆಯಲ್ಲಿ ಅವರನ್ನು ಒಬ್ಬರೇ ಬಿಟ್ಟು ಹೊರಗೆ ಹೋಗಲು ನನಗೆ ಇಂದಿಗೂ ಧೈರ್ಯವಿಲ್ಲ.

ಅವರು ನನ್ನನ್ನು ಒಮ್ಮೆಯೂ ದೂರಿಲ್ಲ. ದೂರಿದ್ದರೆ ಹಗುರಾಗುತ್ತಿತ್ತೇನೋ. ನಿನ್ನ ಗಾಡಿಯನ್ನು ಬಾಗಿಲಲ್ಲಿ ನಿಂತು ನೋಡಿ ಅವರು ಏನೂ ಹೇಳದೆ ಒಳಗೆ ಹೋದದ್ದು ಇದಕ್ಕೆ.

ಇನ್ನು ನೀವೆಲ್ಲ ಹೇಳುವ ಉಳಿದ ಮಾತುಗಳು. ನಾನೂ ಹೇಳಿದವೇ ಆದ್ದರಿಂದ ಬಾಯಿಪಾಠವಾಗಿವೆ.

"ಇಲ್ಲೇ ಸನೀಪಕ್ಕ ಹೋಗಿ ಬರೋದರಿ, ನಿಧಾನಾಗಿ ಹೋಗ್ತೀವಿ." ನಮ್ಮ ಶಾಲೆಯ ವಿಜ್ಞಾನದ ಸಹೋದ್ಯೋಗಿಯೊಬ್ಬರು ಇದಕ್ಕೆ ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದರು. ಬೈಕಿನ ಮೇಲೆ ಕುಳಿತವರ ತಲೆ ನೆಲದಿಂದ ಸುಮಾರು ಒಂದೂವರೆ ಮೀಟರ್ ಎತ್ತರದಲ್ಲಿರುತ್ತದೆ. ಗಾಡಿ ನಿಂತಲ್ಲಿಯೇ ನಿಂತಿದ್ದರೂ ಅಷ್ಟು ಎತ್ತರದಿಂದ ನೇರ ಬಿದ್ದ ವಸ್ತು ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ ಹತ್ತೊಂಬತ್ತು ಇಪ್ಪತ್ತು ಕಿಲೋಮೀಟರ್. ಡಾಂಬರಿಗೆ ತಲೆಬುರುಡೆ ಆ ವೇಗದಲ್ಲಿ ತಾಕಿದರೆ ಸಾಕು. ಹೆಲ್ಮೆಟ್ಟಿನೊಳಗೆ ಥರ್ಮಾಕೋಲಿನಂತಹ ಪದರವೊಂದಿದೆಯಲ್ಲ, ಅದರ ಕೆಲಸ ತಾನು ಜಜ್ಜಿಹೋಗುವುದು. ಅದು ಜಜ್ಜಿಹೋಗುವಷ್ಟು ಹೊತ್ತಿನಲ್ಲಿ ತಲೆಗೆ ನಿಧಾನವಾಗಿ ನಿಲ್ಲಲು ಅವಕಾಶ ಸಿಗುತ್ತದೆ. ಹೊತ್ತು ಎಂದರೆ ಸೆಕೆಂಡಿನ ನೂರನೆಯ ಒಂದೆರಡು ಭಾಗ ಮಾತ್ರ, ಆದರೆ ಮೆದುಳಿಗೆ ಅದು ದೊಡ್ಡ ವ್ಯತ್ಯಾಸ. ಜಗತ್ತಿನ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2008ರಲ್ಲಿ ಪ್ರಕಟವಾದ ಕಾಕ್ರೇನ್ ಸಮೀಕ್ಷೆಯ ಪ್ರಕಾರ ಹೆಲ್ಮೆಟ್ಟಿನಿಂದ ಸಾವಿನ ಸಂಭವ ಶೇ 42ರಷ್ಟು, ತಲೆಯ ಗಾಯದ ಸಂಭವ ಶೇ 69ರಷ್ಟು ತಗ್ಗುತ್ತದೆ.

"ಸೆಕೆ." ಇದನ್ನು ನಾನು ನಗುವುದಿಲ್ಲ. ಮೇ ತಿಂಗಳ ಮಧ್ಯಾಹ್ನ ನಮ್ಮ ಕರಿಮಣ್ಣಿನ ಸೀಮೆಯಲ್ಲಿ ಹೆಲ್ಮೆಟ್ಟಿನೊಳಗೆ ಬೆವರು ಹರಿಯುವುದು ನಿಜ. ಅದು ತ್ರಾಸವೇ. ಆ ತ್ರಾಸವನ್ನು ಅನುಭವಿಸಬೇಕು, ಅಷ್ಟೇ.

"ಸಿಖ್ಖರಿಗೆ ವಿನಾಯಿತಿ ಇದೆಯಲ್ಲ, ನಮಗೇಕಿಲ್ಲ?" ಬೀದರಿನ ನಾನಕ್ ಝೀರಾದ ಗುರುದ್ವಾರವನ್ನು ನೋಡಿ ಬೆಳೆದವರು ನಾವು. ಪೇಟ ಅವರಿಗೆ ಧರ್ಮದ ಅಂಗ, ಅದಕ್ಕಾಗಿ ಅವರು ತೆತ್ತ ಬೆಲೆಯನ್ನು ಇತಿಹಾಸದ ಪಾಠದಲ್ಲಿ ಓದಿದ್ದೀರಿ. ಅದರೊಡನೆ ತೂಗಬಲ್ಲಂಥದು ನಿಮ್ಮ ತಲೆಯ ಮೇಲೆ ಏನಿದೆ? ಬಾಚಿದ ಕೂದಲು. ಇರುವವರಿಗೆ.

ಮಹಾರಾಷ್ಟ್ರದ ಕಡೆ ನೆಂಟಸ್ತನ ಇರುವವರು ಪುಣೆಯ ಉದಾಹರಣೆ ಕೊಡುತ್ತಾರೆ. 2019ರ ಜನವರಿಯಲ್ಲಿ ಅಲ್ಲಿ ಹೆಲ್ಮೆಟ್ ಕಡ್ಡಾಯವನ್ನು ವಿರೋಧಿಸಿ ಜನ ಪುಣೇರಿ ಪೇಟ ಸುತ್ತಿಕೊಂಡು ಬೈಕ್ ಮೆರವಣಿಗೆ ಮಾಡಿದ್ದರು. ವಿದ್ಯಾವಂತರ ನಗರ, ಚಳವಳಿಗಳ ಪರಂಪರೆಯುಳ್ಳದ್ದು, ಒಪ್ಪುತ್ತೇನೆ. ಆದರೆ ಚಳವಳಿಗೆ ಒಂದು ಬೆಲೆಯಿದೆ. ಬ್ರಿಟನ್ನಿನಲ್ಲಿ 1973ರಲ್ಲಿ ಹೆಲ್ಮೆಟ್ ಕಡ್ಡಾಯವಾದಾಗ ಫ್ರೆಡ್ ಹಿಲ್ ಎಂಬ ವೃದ್ಧರು ಅದನ್ನು ಒಪ್ಪಲಿಲ್ಲ. ಮಹಾಯುದ್ಧದಲ್ಲಿ ಸೈನ್ಯದ ಸುದ್ದಿ ಒಯ್ಯುವ ಬೈಕ್ ಸವಾರರಾಗಿದ್ದವರು. ಟೋಪಿ ಹಾಕಿಕೊಂಡೇ ಓಡಾಡಿದರು, ದಂಡ ಕಟ್ಟಲು ನಿರಾಕರಿಸಿದರು, ಮತ್ತೆ ಮತ್ತೆ ಜೈಲಿಗೆ ಹೋದರು, 1984ರಲ್ಲಿ ಎಪ್ಪತ್ನಾಲ್ಕನೆಯ ವಯಸ್ಸಿನಲ್ಲಿ ಲಂಡನ್ನಿನ ಜೈಲಿನಲ್ಲಿಯೇ ತೀರಿಕೊಂಡರು. ಅವರ ವಾದವನ್ನು ನಾನು ಒಪ್ಪದಿದ್ದರೂ ಅವರೆದುರು ಕೈಮುಗಿಯುತ್ತೇನೆ. ನಮ್ಮ ಊರಿನ ಸ್ವಾತಂತ್ರ್ಯವೀರರೋ ಖಾಕಿ ಕಂಡೊಡನೆ ಗಲ್ಲಿಗೆ ಗಾಡಿ ತಿರುಗಿಸುತ್ತಾರೆ, ಇಲ್ಲವೇ ಕನ್ನಡಿಗೆ ತೂಗುಬಿಟ್ಟಿದ್ದನ್ನು ತಲೆಗೆ ಸಿಕ್ಕಿಸಿ, ಪಟ್ಟಿ ಕಟ್ಟದೆ, ಮುಂದಿನ ತಿರುವಿನಲ್ಲಿ ಮತ್ತೆ ಕಳಚುತ್ತಾರೆ. ಅಮೆರಿಕದ ಮಿಷಿಗನ್ ರಾಜ್ಯ 2012ರಲ್ಲಿ ಇಪ್ಪತ್ತೊಂದು ದಾಟಿದವರಿಗೆ ಹೆಲ್ಮೆಟ್ ಬಿಡುವ ಆಯ್ಕೆ ಕೊಟ್ಟಿತು. ಕೊಡುವಾಗ 20,000 ಡಾಲರ್ ವೈದ್ಯಕೀಯ ವಿಮೆ ಇರಬೇಕೆಂಬ ಷರತ್ತನ್ನೂ ಹಾಕಿತು. ಇಲ್ಲಿ ಆ ವಿಮೆಯ ಹೆಸರು ಎರಡು ಎಕರೆ ತೊಗರಿ ಹೊಲ. ಅದು ಮಾರಾಟವಾಗುವುದು ಬಿದ್ದವನ ಒಪ್ಪಿಗೆಯಿಂದಲ್ಲ. ಅವನಿಗೆ ಪ್ರಜ್ಞೆ ಇರುವುದಿಲ್ಲ.

ಸರ್ಕಾರವನ್ನು ಬಿಟ್ಟು ಮಾತನಾಡುತ್ತಿದ್ದೇನೆಂದು ತಿಳಿಯಬೇಡಿ. ಬಿಳಿ ಬಣ್ಣವಿಲ್ಲದ ಉಬ್ಬನ್ನು ಹಾಕಿದವರಿಗೆ ಯಾರೂ ದಂಡ ಹಾಕಲಿಲ್ಲ. ತಲೆ ಕಾಪಾಡಿಕೊಳ್ಳಿ ಎಂದು ಬೋಧಿಸುವವರೇ 2017ರಲ್ಲಿ ಜಿ.ಎಸ್.ಟಿ. ಬಂದಾಗ ಹೆಲ್ಮೆಟ್ಟಿನ ಮೇಲೆ ಶೇ 18 ತೆರಿಗೆ ಹೇರಿದರು. 2021ರ ಜೂನ್ 1ರಿಂದ ಬಿ.ಐ.ಎಸ್. ಗುರುತಿಲ್ಲದ ಹೆಲ್ಮೆಟ್ ತಯಾರಿಸುವುದೂ ಮಾರುವುದೂ ಅಪರಾಧ. ಆದರೆ ರಸ್ತೆ ಬದಿಯಲ್ಲಿ ಹಗ್ಗಕ್ಕೆ ಪೋಣಿಸಿ ಮಾರುವ, ಬೋಗುಣಿ ಬೋರಲು ಹಾಕಿದಂತಿರುವ ಅರ್ಧ ಟೋಪಿಗಳನ್ನು ನಾವೆಲ್ಲ ನೋಡಿದ್ದೇವೆ. ಅವು ಪೊಲೀಸರಿಂದ ಕಾಪಾಡುತ್ತವೆ, ನೆಲದಿಂದಲ್ಲ. ಈ ಎಲ್ಲದರ ವಿರುದ್ಧ ನೀವು ಮನವಿ ಪತ್ರ ಬರೆಯುವುದಾದರೆ ಮೊದಲ ಸಹಿ ನನ್ನದು. ಕಾಗುಣಿತವನ್ನೂ ತಿದ್ದಿಕೊಡುತ್ತೇನೆ.

ಆದರೆ ಒಂದು ವಿಚಾರದಲ್ಲಿ ಕಾನೂನು ನಮ್ಮ ಮನೆಗಳಿಗಿಂತ ಮುಂದಿದೆ. ಹಿಂದೆ ಕುಳಿತವರಿಗೆ ಹಿಡಿಕೆ ಇರಬೇಕು, ಕಾಲಿಡಲು ಜಾಗ ಇರಬೇಕು, ಬಟ್ಟೆ ಚಕ್ರಕ್ಕೆ ಸಿಕ್ಕದಂತೆ ಅಡ್ಡ ಇರಬೇಕು ಎಂದು ಕೇಂದ್ರದ ನಿಯಮ ಎಂದೋ ಬರೆದಿಟ್ಟಿದೆ. ಸೀರೆಯ ಸೆರಗಿನ ಯೋಚನೆ ಮಾಡಿದೆ. ನಾಲ್ಕು ವರ್ಷ ದಾಟಿದ ಮಗುವಿಗೂ ಹೆಲ್ಮೆಟ್ ಎಂದು 2019ರ ತಿದ್ದುಪಡಿ ಹೇಳಿತು. ಅದಕ್ಕಿಂತ ಸಣ್ಣ ಮಗುವಿಗೆ ಹೆಲ್ಮೆಟ್ಟು, ಸವಾರನಿಗೆ ಬಿಗಿಯುವ ಪಟ್ಟಿ, ನಲವತ್ತು ಕಿಲೋಮೀಟರಿನ ಮಿತಿ 2023ರ ಫೆಬ್ರವರಿಯಿಂದ ಬಂದವು. ಬೈಕು ಮಾರುವಾಗ ಒಂದರ ಬದಲು ಎರಡು ಹೆಲ್ಮೆಟ್ ಕೊಡಬೇಕೆಂಬ ಕರಡು ನಿಯಮವನ್ನು 2025ರ ಜೂನಿನಲ್ಲಿ ಕೇಂದ್ರ ಇಲಾಖೆ ಹೊರಡಿಸಿತು. ಎರಡನೆಯ ತಲೆಯೊಂದಿದೆ ಎಂದು ದಿಲ್ಲಿಗೆ ನೆನಪಾಯಿತು. ನಮ್ಮಲ್ಲಿ ಮದುವೆಯಲ್ಲಿ ಅಳಿಯನಿಗೆ ಸಾಲ ಮಾಡಿ ಬೈಕು ಕೊಡುವ ಮಾವಂದಿರಿದ್ದಾರೆ. ಚಿನ್ನ ತೂಗಿ ಕೊಡುತ್ತಾರೆ, ಪಾತ್ರೆ ಎಣಿಸಿ ಕೊಡುತ್ತಾರೆ. ಆ ಬೈಕಿನ ಹಿಂದೆ ಕೂರಲಿರುವವಳು ತಮ್ಮ ಮಗಳೇ ಎಂದು ನೆನೆದು ಅವಳ ಅಳತೆಯ ಹೆಲ್ಮೆಟ್ ಒಂದನ್ನು ಆ ಪಾತ್ರೆಗಳ ಜೊತೆ ಇಟ್ಟ ತಂದೆಯನ್ನು ನಾನು ಇಷ್ಟು ಮದುವೆಗಳಲ್ಲಿ ಒಬ್ಬನನ್ನೂ ಕಂಡಿಲ್ಲ. ನನ್ನ ಮಗಳ ಮದುವೆಯಲ್ಲಿ ನಾನೂ ಇಡಲಿಲ್ಲ.

ಈಗ ನಮ್ಮ ಬಾಗಿಲ ಹಿಂದಿನ ಗೂಟಕ್ಕೆ ಎರಡು ಹೆಲ್ಮೆಟ್ಟುಗಳಿವೆ. ಮನೆಯವರದು ಸಣ್ಣ ಅಳತೆಯದು, ಕಂದು ಬಣ್ಣ. ತುರುಬನ್ನು ಕೆಳಗಿಳಿಸಿ ಜಡೆಯಂತೆ ಕಟ್ಟಿಕೊಂಡರೆ ಸರಿಯಾಗಿ ಕೂರುತ್ತದೆ. 2016ರಲ್ಲಿ ನನಗೆ ಬಗೆಹರಿಯದಿದ್ದ ಆ ಮಹಾ ಸಮಸ್ಯೆಯನ್ನು ಅವರು ಕನ್ನಡಿಯ ಮುಂದೆ ಒಂದು ನಿಮಿಷದಲ್ಲಿ ಬಗೆಹರಿಸಿಕೊಂಡರು.

ನಿನ್ನ ಗೃಹಪ್ರವೇಶಕ್ಕೆ ಬರುತ್ತೇವೆ, ತಮ್ಮಾ. ಉಡುಗೊರೆ ಏನು ತರಬೇಕೆಂದು ಈಗಾಗಲೇ ನಿಶ್ಚಯಿಸಿದ್ದೇವೆ, ಅದಕ್ಕೆ ನಿನ್ನಿಂದ ಒಂದು ಮಾಹಿತಿ ಬೇಕು. ದರ್ಜಿಯ ಟೇಪು ತೆಗೆದುಕೊಂಡು, ಹುಬ್ಬಿಗಿಂತ ಒಂದು ಬೆರಳು ಮೇಲೆ, ಕಿವಿಗಳ ಮೇಲಿಂದ ಹಾದು ತಲೆಯ ಹಿಂದಿನ ಉಬ್ಬಿದ ಭಾಗವನ್ನು ಸುತ್ತಿ ಬರುವಂತೆ ಅಳೆಯಬೇಕು. ನಿನ್ನ ಹೆಂಡತಿಯದು, ಮಗಳದು, ಮಗನದು. ಸೆಂಟಿಮೀಟರಿನಲ್ಲಿ ಬರೆದು ಬರುವ ಭಾನುವಾರದೊಳಗೆ ಕಳುಹಿಸು. ನಾಲ್ವರೂ ಒಂದೇ ಗಾಡಿಯಲ್ಲಿ ಬರುವುದು ಹೆಲ್ಮೆಟ್ಟಿದ್ದರೂ ತಪ್ಪೇ, ಅದರ ಬಗ್ಗೆ ಮನೆಗೆ ಬಂದಾಗ ಮಾತನಾಡೋಣ. ನಿನ್ನ ಹೆಂಡತಿಗೆ ಯಾವ ಬಣ್ಣ ಬೇಕೆಂದು ಮಾತ್ರ ನೀನು ಊಹಿಸಿ ಬರೆಯಬೇಡ. ಅವಳನ್ನೇ ಕೇಳು.